ಪಂಕ್ ಹಾಡನ್ನು ಬೊಸ್ಸಾ ನೋವಾ ಧಾಟಿಯಲ್ಲಿ ಹಾಡಿದರೆ ಸಿಟ್ಟು ಉಳಿಯುತ್ತದಾ?

ತಂತಿಪುರಾಣ: ನೂವೆಲ್ ವಾಗ್ ತಂಡದ ಲೈವ್ ನೋಡಿ ಬಂದೆ. ಗೊತ್ತಿಲ್ಲದವರಿಗೆ: ಇದು ಮಾರ್ಕ್ ಕೊಲಾನ್ ಮತ್ತು ಒಲಿವಿಯೇ ಲಿಬೋ ಕಟ್ಟಿದ ಫ್ರೆಂಚ್ ತಂಡ. ಮೊದಲ ಆಲ್ಬಮ್ 2004ರದ್ದು. ಲಿಬೋ 2021ರಲ್ಲಿ ತೀರಿಕೊಂಡರು. 1980ರ ಆಚೀಚಿನ ಪಂಕ್ (ಸಿಟ್ಟು, ಅಬ್ಬರದ ರಾಕ್), ಅದರ ಬೆನ್ನಿಗೇ ಬಂದ ನ್ಯೂ ವೇವ್ ಹಾಡುಗಳನ್ನು ಬ್ರೆಜಿಲ್‌ನ ಬೊಸ್ಸಾ ನೋವಾ ಧಾಟಿಯಲ್ಲಿ ಮೆಲ್ಲಗೆ ಹಾಡುತ್ತಾರೆ. ಕೇಳೋಕೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಲಂಡನ್ನಿನ ಪಂಕ್ ತಂಡ ದಿ ಕ್ಲ್ಯಾಶ್‌ನ 'ಗನ್ಸ್ ಆಫ್ ಬ್ರಿಕ್ಸ್ಟನ್' ಬಂದಾಗ ನನ್ನ ಪಕ್ಕದವರು ವೈನ್ ಗ್ಲಾಸ್ ಹಿಡಿದು ಕಣ್ಣು ಮುಚ್ಚಿ ತೂಗಾಡುತ್ತಿದ್ದರು. ಪೊಲೀಸರು ಬಾಗಿಲು ಒದ್ದರೆ ಏನು ಮಾಡ್ತೀಯ ಅಂತ ಕೇಳುವ ಹಾಡು ಸ್ವಾಮಿ ಅದು!

ಬೇಸ್_ಬಸ್ಯಾ: ಗುರುವೇ, ಒರಿಜಿನಲ್ ಇನ್ನೊಂದು ಸಲ ಕೇಳಿ. 1979ರ ಆ ಹಾಡೇ ಜಮೈಕಾದ ರೆಗೆ ಧಾಟಿಯದ್ದು. ಬರೆದು ಹಾಡಿದ್ದು ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಪಾಲ್ ಸಿಮೊನನ್. ಅದರಲ್ಲಿ ಕಿರುಚಾಟ ಎಲ್ಲಿದೆ? ಲಂಡನ್ನಿನ ಹುಡುಗರು ಜಮೈಕಾದ ತಾಳ ತಗೊಂಡರೆ ಸರಿ, ಪ್ಯಾರಿಸ್ಸಿನವರು ಬ್ರೆಜಿಲ್‌ನದ್ದು ತಗೊಂಡರೆ ತಪ್ಪಾ?

ತಂತಿಪುರಾಣ: ಎರಡೂ ಒಂದೇ ಅಲ್ಲ. ಲಂಡನ್ನಿನ ಬ್ರಿಕ್ಸ್ಟನ್ ಬೀದಿಯಲ್ಲಿ ಜಮೈಕಾದಿಂದ ಬಂದವರೇ ಇದ್ದರು. ರೆಗೆ ಅಲ್ಲಿನದ್ದೇ ಆಗಿತ್ತು. 1981ರಲ್ಲಿ ಅದೇ ಬ್ರಿಕ್ಸ್ಟನ್ ಪೊಲೀಸರ ವಿರುದ್ಧದ ಗಲಭೆಯಲ್ಲಿ ಹೊತ್ತಿ ಉರಿಯಿತು. ಬೊಸ್ಸಾ ನೋವಾ ಬೆಳೆದದ್ದು ರಿಯೋದಲ್ಲಿ, ಕಡಲು ಕಾಣುವ ಫ್ಲ್ಯಾಟ್‌ಗಳಲ್ಲಿ. ಅನುಕೂಲಸ್ಥರ ಮಕ್ಕಳ ಸಂಗೀತ.

ಕಾಫಿತೋಟ: ಆ ಫ್ಲ್ಯಾಟ್‌ಗಳಲ್ಲಿ ಹೆಸರಾದದ್ದು ಗಾಯಕಿ ನಾರಾ ಲಿಯಾವ್ ಅವರ ಮನೆ, ಕೋಪಕಬಾನಾದಲ್ಲಿ. 1964ರಲ್ಲಿ ಬ್ರೆಜಿಲ್ ಸೇನೆ ಅಧಿಕಾರ ಕಿತ್ತುಕೊಂಡಿತು. ಅದೇ ಡಿಸೆಂಬರಿನಲ್ಲಿ ಅದೇ ನಾರಾ 'ಒಪಿನಿಯಾವ್' ಅನ್ನೋ ಪ್ರತಿಭಟನೆಯ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿದರು, ಗಾಯಕರಾದ ಜೆ ಕೆಚಿ, ಜುವಾವ್ ದೊ ವಾಲೆ ಜೊತೆ. ಗಂಟಲು ಹರಿದುಕೊಳ್ಳಲಿಲ್ಲ. ಮೆಲುದನಿಯಲ್ಲೇ ಎದುರು ನಿಂತರು.

ತಂತಿಪುರಾಣ: ನಿಲ್ಲಿ ನಿಲ್ಲಿ. ಅಷ್ಟೊತ್ತಿಗೆ ನಾರಾ ಬೊಸ್ಸಾ ನೋವಾ ಜೊತೆ ಜಗಳ ಆಡಿಕೊಂಡು ಬ್ರೆಜಿಲ್ ಜನಸಾಮಾನ್ಯರ ಸಾಂಬಾ ಕಡೆ ಬಂದಿದ್ದರು. ನೀವು ಕೊಟ್ಟ ಉದಾಹರಣೆ ನನ್ನ ಪರವೇ ಇದೆ.

ಕಾಫಿತೋಟ: ಧಾಟಿ ಬಿಟ್ಟರು, ದನಿ ಬಿಡಲಿಲ್ಲವಲ್ಲ. ನಾನು ಹೇಳಿದ್ದು ದನಿ ಬಗ್ಗೆ.

ಆರುತಂತಿ: ಗಿಟಾರ್ ಹಿಡಿಯುವವನಾಗಿ ಒಂದು ಮಾತು. ಪಂಕ್‌ನಲ್ಲಿ ಪಿಕ್ (ತಂತಿ ಮೀಟುವ ಬಿಲ್ಲೆ) ಮೇಲಿಂದ ಕೆಳಕ್ಕೆ ಒಂದೇ ಸಮ ಬಡಿಯುತ್ತಾ ಹೋಗುತ್ತದೆ. ಬೊಸ್ಸಾದಲ್ಲಿ ಪಿಕ್ಕೇ ಇಲ್ಲ. ಹೆಬ್ಬೆರಳು ದಪ್ಪ ತಂತಿಯಲ್ಲಿ ಸಾಂಬಾದ ದೊಡ್ಡ ಡ್ರಮ್ಮಿನ ಏಟು ಇಡುತ್ತದೆ, ಉಳಿದ ಮೂರು ಬೆರಳು ಏಟಿನ ನಡುವೆ ಜಾಗ ಹುಡುಕಿ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳು) ಎಳೆಯುತ್ತವೆ. ಬ್ರೆಜಿಲ್ ಗಾಯಕ ಜುವಾವ್ ಜಿಲ್ಬೆರ್ತು 1958ರ ಸುಮಾರಿಗೆ ಇದನ್ನು ಪಕ್ಕಾ ಮಾಡಿದರು. ಇದರ ಮೇಲೆ ಕೂಗಿದರೆ ಎಲ್ಲ ಕೆಡುತ್ತದೆ. ಹಾಗಾಗಿ ಮಾತು ಮುಂದೆ ಬರುತ್ತದೆ. ಅಮೆರಿಕದ ಪಂಕ್ ತಂಡ ಡೆಡ್ ಕೆನಡೀಸ್‌ನ 1981ರ 'ಟೂ ಡ್ರಂಕ್' ತಗೊಳ್ಳಿ (ಪೂರ್ತಿ ಹೆಸರು ಬರೆದರೆ ಅಡ್ಮಿನ್ ಅಳಿಸುತ್ತಾರೆ). ಅಲ್ಲಿ ಕುಡಿದ ಗಂಡಸಿನ ಅಬ್ಬರ. ಇಲ್ಲಿ ನೂವೆಲ್ ವಾಗ್ ಗಾಯಕಿ ಕಮೀಲ್ ನಶೆಯಲ್ಲಿ ಕಿಸಕ್ಕನೆ ನಗುತ್ತಾ ಹಾಡುತ್ತಾಳೆ, ನಗೆಪಾಟಲು ಆಗುವುದು ಆ ಗಂಡಸೇ.

ಸುಮ್ನೆ_ಇರಿ: ಇದರಲ್ಲೇನು ಹೊಸದು? ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಗಿಟಾರ್ ಹಿಡಿದು ಹಾಡಲಿಲ್ವಾ?

ತಂತಿಪುರಾಣ: ಶರೀಫರ ಪದಗಳಿಗೆ ಒರಿಜಿನಲ್ ರೆಕಾರ್ಡ್ ಎಲ್ಲಿದೆ? ತಂಬೂರಿ ಹಿಡಿದವರೆಲ್ಲ ತಮಗೆ ತೋಚಿದ ಹಾಗೆ ಹಾಡುತ್ತಾ ಬಂದದ್ದು. ಪಂಕ್ ಹಾಡಿಗೆ ಒಂದು ರೆಕಾರ್ಡ್ ಇದೆ, ಆ ಗಂಟಲೇ ಆ ಹಾಡು. ಮೊದಲ ಆಲ್ಬಮ್ಮಿಗೆ ಕೊಲಾನ್ ಒರಿಜಿನಲ್ ಕೇಳಿರದ ಹುಡುಗಿಯರನ್ನೇ ಹುಡುಕಿ ಹಾಡಿಸಿದರಂತೆ. ನನಗೆ ಬೇಜಾರು ಅದೇ. ಏನು ಹಾಡ್ತಿದ್ದೀನಿ ಅಂತ ಗೊತ್ತಿರಬೇಡವಾ?

ಆರುತಂತಿ: ಗೊತ್ತಿದ್ದವರು ನಕಲು ಮಾಡುತ್ತಾರೆ. ಜಾಯ್ ಡಿವಿಷನ್‌ನ 'ಲವ್ ವಿಲ್ ಟೇರ್ ಅಸ್ ಅಪಾರ್ಟ್' ಹಾಡುವವರೆಲ್ಲ ಆ ತಂಡದ ಗಾಯಕ ಇಯಾನ್ ಕರ್ಟಿಸ್ ಥರ ದಪ್ಪ ದನಿ ತೆಗೆಯುತ್ತಾರೆ. 1980ರ ಮೇ ತಿಂಗಳಲ್ಲಿ ಆತ ಪ್ರಾಣ ಕಳೆದುಕೊಂಡ, ಮರುತಿಂಗಳು ಹಾಡು ಹೊರಬಂತು. ಆ ಭಾರ ಹೊರದೆ ಯಾರಾದರೂ ಒಂದು ಸಲ ಹಾಡಲಿ ಬಿಡಿ. ಕೆಟ್ಟುಹೋಗುತ್ತಿರುವ ಸಂಸಾರದ ಮಾತು ಆಗ ನೇರವಾಗಿ ಕೇಳಿಸುತ್ತದೆ.

ತಂತಿಪುರಾಣ: ಆ ಹಾಡಿಗೆ ಒಪ್ಪಿಗೆ. ಬ್ರಿಕ್ಸ್ಟನ್‌ಗೆ ಇಲ್ಲ.

ಬೇಸ್_ಬಸ್ಯಾ: ಹಾಗಾದರೆ 'ಟೀನೇಜ್ ಕಿಕ್ಸ್'? ಅಂಡರ್‌ಟೋನ್ಸ್, 1978. ಊರು ಉತ್ತರ ಐರ್ಲೆಂಡಿನ ಡೆರ್ರಿ, ಬೀದಿಯಲ್ಲಿ ಸೈನ್ಯ. ಆ ಹುಡುಗರು ಹಾಡಿದ್ದು ಮಾತ್ರ ಪಕ್ಕದ ಬೀದಿಯ ಹುಡುಗಿ ಬಗ್ಗೆ. ಪಂಕ್ ಅಂದರೆ ಬರೀ ಸಿಟ್ಟು ಅಂತ ನೀವು ಅಂದುಕೊಂಡರೆ ಅದನ್ನು ಎಲ್ಲಿ ಇಡ್ತೀರಿ?