ಜೊತೆಗೆ ಕುಡಿದವನೇ ಇರಿದ, ಆದರೂ ‘ಟ್ರೆಚರಿ’ ಅಲ್ಲವಂತೆ?

ಪ್ರಶ್ನೆ: ಮೇಡಂ, ನಮ್ಮಕ್ಕನ ಮಗ ಫಿಲಿಪೀನ್ಸ್‌ನ ದವಾವೋದಲ್ಲಿ ಮೆಡಿಕಲ್ ಓದುತ್ತಿದ್ದಾನೆ. ಅವನ ಮನೆ ಓನರ್‌ ತಮ್ಮನನ್ನು ಜೊತೆಗೆ ಕುಡಿಯಲು ಕೂತಿದ್ದ ಗೆಳೆಯನೇ ಇರಿದು ಕೊಂದ. ಕೆಳಗಿನ ಕೋರ್ಟ್ ಮರ್ಡರ್ ಎಂದಿತು. ಅಪೀಲಿನಲ್ಲಿ ‘ಕೊಂದದ್ದು ನಿಜ, ಟ್ರೆಚರಿ ಸಾಬೀತಾಗಿಲ್ಲ’ ಎಂದು ಹೋಮಿಸೈಡ್‌ಗೆ ಇಳಿಸಿದ್ದಾರೆ. ಉಂಡ ಮನೆಗೆ ಎರಡು ಬಗೆದದ್ದು ದ್ರೋಹ ಅಲ್ವಾ?

ಉತ್ತರ: ಆ ಪದವೇ ದಾರಿ ತಪ್ಪಿಸುತ್ತದೆ. ಗೆಳೆಯನೋ ಅಪರಿಚಿತನೋ ಅನ್ನೋದು ಅಲ್ಲಿ ಮುಖ್ಯವೇ ಅಲ್ಲ. ಸ್ಪೇನ್ ಕಾನೂನಿನಿಂದ ಬಂದ ‘ಅಲೆವೋಸಿಯಾ’ ಅದು. ಕೊಂದದ್ದನ್ನು ಅಲ್ಲಿ ಮರ್ಡರ್ ದರ್ಜೆಗೆ ಏರಿಸುವ ಅಂಶಗಳಲ್ಲಿ ಒಂದು; ಅಂಥದ್ದೇನೂ ಸಾಬೀತಾಗದಿದ್ದರೆ ಹೋಮಿಸೈಡ್, ಅಂದರೆ ಕಡಿಮೆ ಶಿಕ್ಷೆಯ ನರಹತ್ಯೆ. 1932ರಿಂದ ಜಾರಿಯಲ್ಲಿರುವ ಅವರ ರಿವೈಸ್ಡ್ ಪೀನಲ್ ಕೋಡ್‌ನ 14ನೇ ಕಲಂ ನೋಡಿ. ಎದುರಿನವನು ತಿರುಗಿಬಿದ್ದು ತನಗೆ ಏಟು ಬೀಳಬಾರದು, ಕೆಲಸವೂ ಕೆಡಬಾರದು ಎಂದು ಅದಕ್ಕೆ ತಕ್ಕ ರೀತಿಯಲ್ಲೇ ಹೊಡೆದರೆ ಟ್ರೆಚರಿ. ಸತ್ತವನಿಗೆ ತಡೆಯಲು ಅವಕಾಶವೇ ಇರಲಿಲ್ಲ ಎಂದಷ್ಟೇ ತೋರಿಸಿದರೆ ಸಾಲದು. ಆ ರೀತಿಯನ್ನು ಬೇಕೆಂದೇ ಆರಿಸಿಕೊಂಡ ಎಂದೂ ತೋರಿಸಬೇಕು. ಕಷ್ಟ ಇರೋದು ಇಲ್ಲೇ. ಕುಡಿದು ಮಾತಿಗೆ ಮಾತು ಬೆಳೆದು ಕೈಗೆ ಸಿಕ್ಕ ಚಾಕು ಎತ್ತಿದರೆ ಅದು ದಿಢೀರ್ ದಾಳಿ, ಅಷ್ಟೇ.

ಸಾಕ್ಷಿ ಹೇಳಿದ್ದೇನು ಕೇಳಿ ನೋಡಿ. ‘ಕಿರುಚಿದ್ದು ಕೇಳಿ ತಿರುಗಿದೆ, ಅವನು ಬಿದ್ದಿದ್ದ, ಇವನ ಕೈಯಲ್ಲಿ ಚಾಕು ಇತ್ತು’ ಎಂದಿದ್ದರೆ ಕೊಂದವನು ಯಾರು ಎನ್ನಲು ಸಾಕಾಗಬಹುದು. ಆದರೆ ಮೊದಲ ಏಟು ಹೇಗೆ ಬಿತ್ತು ಎಂದು ಯಾರೂ ನೋಡಿಲ್ಲ. ಬೆನ್ನಲ್ಲಿ ಗಾಯ ಇದೆ ಅಂತ ಸುಮ್ನೆ ಊಹಿಸುವಂತಿಲ್ಲ. ಟ್ರೆಚರಿಗೂ ಕೊಲೆಯಷ್ಟೇ ಗಟ್ಟಿ ಪುರಾವೆ ಬೇಕು. ಹಾಗಂತ ಮುಂದಿನಿಂದ ಹೊಡೆದರೆ ಬಚಾವ್ ಅಂತಲೂ ಅಲ್ಲ. ಸತ್ತದ್ದು ಎಳೆ ಮಗುವಾದರೆ ಬೇರೆ ವಾದವೇ ಬೇಡ, ಟ್ರೆಚರಿ ಇದ್ದೇ ಇದೆ ಎನ್ನುತ್ತಾರೆ.

ಪ್ರಶ್ನೆ: ‘ಇರಿದದ್ದು ನಾನೇ, ಜೀವ ಉಳಿಸಿಕೊಳ್ಳೋಕೆ’ ಎಂದು ಅವನೇ ಒಪ್ಪಿದ್ದನಂತಲ್ಲ ಮೇಡಂ?

ಉತ್ತರ: ಹಾಗಂದ ಕೂಡಲೇ ಆತ್ಮರಕ್ಷಣೆ ಸಾಬೀತು ಮಾಡುವ ಹೊರೆ ಅವನ ತಲೆಗೇ ಬಂತು. ಆ ವಾದ ಬಿದ್ದುಹೋಯಿತು, ಅಪರಾಧ ನಿಂತಿತು. ಟ್ರೆಚರಿಯ ಹೊರೆ ಮಾತ್ರ ಪ್ರಾಸಿಕ್ಯೂಷನ್ ಹೆಗಲಿನಿಂದ ಇಳಿಯುವುದೇ ಇಲ್ಲ. ವ್ಯತ್ಯಾಸ ಸಣ್ಣದಲ್ಲ. ಮರ್ಡರ್‌ಗೆ ರೆಕ್ಲೂಷನ್ ಪರ್ಪೆಚುವಾ, ಅಂದರೆ 20 ವರ್ಷ 1 ದಿನದಿಂದ 40 ವರ್ಷ. ಮರಣದಂಡನೆ 2006ರಲ್ಲೇ ಹೋಯಿತು. ಹೋಮಿಸೈಡ್‌ಗೆ 12 ವರ್ಷ 1 ದಿನದಿಂದ 20 ವರ್ಷ.

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲೂ ಹೀಗೇನಾ?

ಉತ್ತರ: ಇಲ್ಲ. ನಮ್ಮಲ್ಲಿ ಉದ್ದೇಶ ಏನಿತ್ತು, ಸಾಯುತ್ತಾನೆಂದು ಗೊತ್ತಿತ್ತಾ ಅನ್ನೋದರ ಮೇಲೆ ವಾದ. ಹಿಂದೆ ಐಪಿಸಿಯ 302 (ಕೊಲೆ), 304 (ಕೊಲೆಯಲ್ಲದ ನರಹತ್ಯೆ). 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 103, 105.

ಮೊದಲು ಕೇಳಿದವರಿಗೆ: ಹುಡುಗನಿಗೆ ತೀರ್ಪಿನ ಪ್ರತಿ ತರಿಸಿಕೊಳ್ಳಲು ಹೇಳಿ. ಇಂಗ್ಲಿಷಿನಲ್ಲೇ ಇರುತ್ತದೆ. ಎಷ್ಟೋ ತೀರ್ಪುಗಳಲ್ಲಿ ಸಾಕ್ಷಿಯ ಮಾತನ್ನು ಪ್ರಶ್ನೆ-ಉತ್ತರವಾಗಿ ಹಾಗೇ ಹಾಕಿರುತ್ತಾರೆ. ಆ ಪುಟ ಕಳಿಸಿದರೆ ನೋಡುತ್ತೇನೆ.