ಮೊಬೈಲ್ ಮೆಸೇಜ್ ಗುಂಪಿನಲ್ಲಿ ಹೊರಗುತ್ತಿಗೆ ನೌಕರರ ಪ್ರಶ್ನೆ, ವಕೀಲರ ಉತ್ತರ

ಹರಿಹರದ ಡಿ ಗ್ರೂಪ್ ನೌಕರ: ಮೇಡಂ, ಏಜೆನ್ಸಿ ಮೂಲಕ ಹನ್ನೊಂದು ವರ್ಷ ಆಯಿತು. ಕಾಯಂ ಯಾವಾಗ?

ವಕೀಲರು: ಬರೀ ವರ್ಷ ಎಣಿಸಿ ಕಾಯಂ ಆಗುವುದಿಲ್ಲ. ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ಹತ್ತು ವರ್ಷ ಎಂದಿದ್ದು ಮಂಜೂರಾದ ಹುದ್ದೆಯಲ್ಲಿ ಇದ್ದವರಿಗೆ, ಅದೂ ಒಂದೇ ಸಲಕ್ಕೆ.

ಚಳ್ಳಕೆರೆಯ ಲ್ಯಾಬ್ ಟೆಕ್ನೀಷಿಯನ್: ಅಕ್ಕಾ, ನಾನು ಆರು ತಿಂಗಳ ಗರ್ಭಿಣಿ. ನವೆಂಬರ್‌ಗೆ ದಿನ ಕೊಟ್ಟಿದ್ದಾರೆ. ಏಪ್ರಿಲ್‌ನಲ್ಲಿ ಏಜೆನ್ಸಿ ಬದಲಾಯಿತು. 16,000 ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ 120 ಮುರಿಯುತ್ತಾರೆ, ಆನ್‌ಲೈನ್‌ನಲ್ಲಿ ಮಾರ್ಚ್ ಆದಮೇಲೆ ಏನೂ ಕಾಣುತ್ತಿಲ್ಲ. ಸೂಪರ್‌ವೈಸರ್ ಖಾಲಿ ಹಾಳೆ ಕೊಟ್ಟು ‘ಸಹಿ ಹಾಕು, ಹೆರಿಗೆ ಆದಮೇಲೆ ನೋಡೋಣ’ ಎಂದರು. ಪಕ್ಕದ ಮೈಕ್ರೋಸ್ಕೋಪಿನಲ್ಲಿ ಕೂರುವ ಕಾಯಂ ಅಕ್ಕನಿಗೆ 180 ದಿನ ರಜೆ, ಪೂರ್ತಿ ಸಂಬಳ.

ವಕೀಲರು: ತಂಗಿ, ಆ ಹಾಳೆಗೆ ಸಹಿ ಹಾಕಬೇಡ. ಮೇಲೆ ರಾಜೀನಾಮೆ ಅಂತ ಬರೆದುಕೊಳ್ಳುತ್ತಾರೆ. ಇಎಸ್‌ಐ ಇದ್ದರೆ ನಿನಗೂ 26 ವಾರದ ಹೆರಿಗೆ ಭತ್ಯೆ ಇದೆ. ನವೆಂಬರ್ ಹೆರಿಗೆಗೆ ಲೆಕ್ಕಕ್ಕೆ ಬರುವುದು ಹೋದ ವರ್ಷದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗಿನ ದಿನಗಳು. ಅದರಲ್ಲಿ 70 ದಿನದ ವಂತಿಗೆ ಕಟ್ಟಿದ್ದರೆ ಸಾಕು. ಅಂದರೆ ಹಳೆ ಏಜೆನ್ಸಿ ಕಟ್ಟಿದ್ದೇ ನಿನ್ನ ಕೈ ಹಿಡಿಯುತ್ತದೆ. ಹೊಸ ಇಎಸ್‌ಐ ನಂಬರ್ ಮಾಡಿಸುತ್ತೇವೆ ಎಂದರೆ ಒಪ್ಪಬೇಡ, ಹಳೆಯದೇ ಮುಂದುವರಿಯಲಿ. ಈಗಿನವರು ನಿನ್ನ 120ಕ್ಕೆ ತಮ್ಮ 520 ಸೇರಿಸಿ ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. ಕಟ್ಟದಿದ್ದರೆ ಆಸ್ಪತ್ರೆಯೂ ಹೊಣೆ. ಆಸ್ಪತ್ರೆಗೆ, ಇಎಸ್‌ಐ ಕಚೇರಿಗೆ ಇವತ್ತೇ ಅರ್ಜಿ ಬರಿ, ಸಂಬಳದ ಚೀಟಿ ಲಗತ್ತಿಸು.

ಹೊನ್ನಾಳಿಯ ಅತಿಥಿ ಉಪನ್ಯಾಸಕಿ: ಮೇಡಂ, ರಜೆ ತಿಂಗಳಿನ ಗೌರವಧನ ಕೇಳಬಹುದಾ?

ಜಗಳೂರಿನ ಸದಸ್ಯ: (ಫಾರ್ವರ್ಡ್) ‘240 ದಿನ ದುಡಿದವರೆಲ್ಲ ಕಾಯಂ! ಕೇಸಿಗೆ ಹೆಸರು ಸೇರಿಸಲು 2,000 ಕಳಿಸಿ.’

ವಕೀಲರು: ಯಾರೂ ಒಂದು ರೂಪಾಯಿಯನ್ನೂ ಕಳಿಸಬೇಡಿ. 240 ದಿನದ ನಿಯಮ ಇರುವುದು ಕೆಲಸದಿಂದ ತೆಗೆಯುವಾಗ ನೋಟಿಸ್, ಪರಿಹಾರ ಕೊಡಲಿ ಅಂತ. ಕಾಯಂ ಮಾಡಿ ಅಂತ ಅಲ್ಲ. ಇದೇ ಮೆಸೇಜ್ ನಾಲ್ಕನೇ ಸಲ ಬರುತ್ತಿದೆ. ದಯವಿಟ್ಟು ಅಳಿಸಿ.

ದಾವಣಗೆರೆಯ ಕಾಯಂ ನೌಕರ: ನಾವು ಪರೀಕ್ಷೆ ಬರೆದು ಬಂದವರು. ಹಿಂಬಾಗಿಲಿಂದ ಬಂದವರಿಗೂ ಅದೇ ಸಂಬಳ ಅಂದರೆ ಹೇಗೆ?

ಹೊಸದುರ್ಗದ ಸ್ಟಾಫ್ ನರ್ಸ್: ಅಣ್ಣಾ, ರಾತ್ರಿ ಪಾಳಿಯಲ್ಲಿ ಡ್ರಿಪ್ ಬದಲಿಸುವಾಗ ಇದು ಕಾಯಂ ಕೈಯೋ ಗುತ್ತಿಗೆ ಕೈಯೋ ಅಂತ ರೋಗಿ ಕೇಳುತ್ತಾನಾ?

ಕಾಯಂ ನೌಕರ: ಹಾಗಾದರೆ ನೀವೂ ಪರೀಕ್ಷೆ ಬರೆಯಿರಿ. ಯಾರು ಬೇಡ ಅಂದರು?

ಸ್ಟಾಫ್ ನರ್ಸ್: ವಯಸ್ಸು ಮೀರಿತು. ನಿಮ್ಮ ಪಾಳಿಯನ್ನೂ ಸೇರಿಸಿ ಮಾಡುತ್ತಲೇ ಮೀರಿತು.

ಕಾಯಂ ನೌಕರ: ಮಾತು ಹಿಡಿತದಲ್ಲಿರಲಿ.

ವಕೀಲರು: ಇಬ್ಬರೂ ನಿಲ್ಲಿಸಿ. ಕಾಯಂ ಮಾಡುವುದೇ ಬೇರೆ, ಸಂಬಳವೇ ಬೇರೆ. ಅದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಸಂಬಳ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಪಂಜಾಬ್ ಪ್ರಕರಣದಲ್ಲಿ ಹೇಳಿದೆ. ಇದರಿಂದ ಕಾಯಂ ನೌಕರರ ಜೇಬಿನಿಂದ ಏನೂ ಹೋಗುವುದಿಲ್ಲ.

ಹಿರಿಯೂರಿನ ಕಸದ ಆಟೋ ಚಾಲಕ: ಮೂರು ತಿಂಗಳಿನ ಸಂಬಳ ಬಾಕಿ. ಗುತ್ತಿಗೆದಾರ ಫೋನ್ ಎತ್ತುತ್ತಿಲ್ಲ.

ವಕೀಲರು: ಅವನು ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಚೇರಿಯೇ ಕೊಡಬೇಕು. ಕಾರ್ಮಿಕ ಇಲಾಖೆಗೆ ದೂರು ಕೊಡಿ.

ಹರಿಹರದ ಡಿ ಗ್ರೂಪ್ ನೌಕರ: ಮೇಡಂ, ಕಾಯಂ ವಿಚಾರ ಏನಾಯಿತು?

ವಕೀಲರು: ಮೇಲೆ ಓದಿ.

ಹೊನ್ನಾಳಿಯ ಅತಿಥಿ ಉಪನ್ಯಾಸಕಿ: ನನ್ನ ಪ್ರಶ್ನೆ ಹಾಗೇ ಉಳಿಯಿತು ಮೇಡಂ.

ಚಳ್ಳಕೆರೆಯ ಲ್ಯಾಬ್ ಟೆಕ್ನೀಷಿಯನ್: ಎಣಿಸಿದೆ ಅಕ್ಕಾ, ವಂತಿಗೆ ಕಟ್ಟಿದ್ದು 290 ದಿನ ಇದೆ! ಆದರೆ ಅರ್ಜಿ ತೆಗೆದುಕೊಂಡು ಸೀಲ್ ಹಾಕಿಕೊಡುತ್ತಿಲ್ಲ.

ವಕೀಲರು: ಸ್ಪೀಡ್ ಪೋಸ್ಟ್ ಮಾಡು. ರಸೀದಿಯ ಫೋಟೋ ನನಗೆ ಕಳಿಸು.