ಚಿರೆಕಲ್ಲಿನ ಗೋಡೆ ದಾಟದ ವೈಫೈ: ದೊಡ್ಡ ರೂಟರ್ ತರಲೇ, ತಂತಿ ಎಳೆಸಲೇ?

ತೋಟದಮನೆ, ಶಿರಸಿ ತಾಲ್ಲೂಕು:

ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಒಳಗೋಡೆಗಳೂ ಒಂದೂವರೆ ಅಡಿ ದಪ್ಪದ ಚಿರೆಕಲ್ಲಿನವು. ಫೈಬರ್ ಬಂದು ನಿಂತಿರುವುದು ಜಗಲಿಯಲ್ಲಿ. ಅಲ್ಲಿ ಕುಳಿತರೆ 100 ಎಂಬಿಪಿಎಸ್ ಪೂರ್ತಿ ಸಿಗುತ್ತದೆ. ಎರಡು ಗೋಡೆಯಾಚೆ, ಸೊಸೆ ಕಚೇರಿ ಕೆಲಸಕ್ಕೆ ಕೂರುವ ಕೋಣೆಯಲ್ಲಿ ಮೀಟಿಂಗ್ ನಡುವೆ ಧ್ವನಿ ತುಂಡಾಗುತ್ತದೆ. ಮಗ, ಸೊಸೆ ಇಲ್ಲಿಯೇ ಉಳಿಯಬೇಕೆಂಬುದು ನಮ್ಮ ಆಸೆ; ನೆಟ್‌ವರ್ಕ್ ಕಾರಣಕ್ಕೆ ಅವರು ಬೆಂಗಳೂರಿಗೆ ಮರಳುವಂತಾಗಬಾರದು. ಜೊತೆಗೆ, ಸುಮಾರು 60 ಮೀಟರ್ ದೂರದ ಅಡಿಕೆ ದಾಸ್ತಾನಿನ ಕಟ್ಟಡಕ್ಕೆ ಕ್ಯಾಮೆರಾ ಬೇಕು. ಅಂಗಡಿಯವರು ಎಂಟು ಆಂಟೆನಾದ ರೂಟರ್ ತೋರಿಸುತ್ತಿದ್ದಾರೆ. ತೆಗೆದುಕೊಳ್ಳಲೇ?

ನೀಲಿಕುರಿಂಜಿ:

ಮೂರು ಪೆಟ್ಟಿಗೆಗಳ ಮೆಶ್ ತನ್ನಿ, ಅಂದರೆ ಬೇರೆ ಬೇರೆ ಕೋಣೆಯಲ್ಲಿಟ್ಟ ಪೆಟ್ಟಿಗೆಗಳು ಒಂದರಿಂದೊಂದಕ್ಕೆ ವೈಫೈ ದಾಟಿಸುವ ವ್ಯವಸ್ಥೆ. ಮೈಸೂರಿನ ನಮ್ಮ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ, ತಂತಿಯ ಗೊಡವೆಯೇ ಇಲ್ಲ.

ಕರಾವಳಿ ಕೇಬಲ್:

ತೋಟದಮನೆಯವರೇ, ಆ ರೂಟರಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ರೂಟರ್ ಎಷ್ಟು ಜೋರಾಗಿ ಕೂಗಿದರೂ ಒಳಕೋಣೆಯ ಲ್ಯಾಪ್‌ಟಾಪ್ ಅಷ್ಟೇ ಜೋರಾಗಿ ಓಗೊಡಲಾರದು. ಸೊಸೆಯ ಧ್ವನಿ ತುಂಡಾಗುವುದು ಹಿಂದಿರುಗುವ ಆ ದಾರಿಯಲ್ಲಿಯೇ.

ಹಳೆಯ ಮನೆಗಳಿಗೆ ಕೇಬಲ್ ಎಳೆಯುವುದೇ ನನ್ನ ಕಸುಬು. ವೈಫೈನ 5 ಗಿಗಾಹರ್ಟ್ಸ್ ಅಲೆ ಇಂಥ ಗೋಡೆಯಲ್ಲಿ ಬಹುಪಾಲು ಸೋರಿಹೋಗುತ್ತದೆ. 2.4 ಗಿಗಾಹರ್ಟ್ಸ್‌ನದು ಒಂದಷ್ಟು ದಾಟುತ್ತದೆ, ಆದರೆ ಮಳೆಗಾಲದಲ್ಲಿ ಕಲ್ಲು ನೀರು ಹೀರಿಕೊಂಡಾಗ ಅದೂ ಸೊರಗುತ್ತದೆ. ಮೆಶ್ ಕೆಟ್ಟದ್ದಲ್ಲ. ಆದರೆ ತಂತಿಯಿಲ್ಲದ ಮೆಶ್‌ನಲ್ಲಿ ಎರಡನೆಯ ಪೆಟ್ಟಿಗೆ ಮೊದಲನೆಯದನ್ನು ಅದೇ ಗೋಡೆಯ ಮೂಲಕ ಕೇಳಿಸಿಕೊಳ್ಳಬೇಕಲ್ಲ? ಮೈಸೂರಿನ ಇಟ್ಟಿಗೆ ಮನೆಯ ಲೆಕ್ಕ ಇಲ್ಲಿ ಸಲ್ಲದು.

ಜಗಲಿಯಿಂದ ಒಳಕೋಣೆಗೆ ಒಂದೇ ಒಂದು ಕ್ಯಾಟ್ 6 (ತಾಮ್ರದ ನೆಟ್‌ವರ್ಕ್) ಕೇಬಲ್ ಎಳೆಸಿ. ಹೆಂಚಿನ ಮನೆಯಾದ್ದರಿಂದ ಅಟ್ಟದ ಮೇಲಿನಿಂದಲೇ ಹಾದಿ ಸಿಗಬಹುದು, ಗೋಡೆ ಕೊರೆಯಬೇಕಾಗದು. ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಹಿಂದಿರುಗಿಸಿ. ಆ ತುದಿಗೆ ವೈಫೈ 6 ಇರುವ ಸಾಧಾರಣ ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಸಾಕು. ರೂಟರನ್ನೇ ಹಾಕುವುದಾದರೆ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ತನ್ನಿ. ಐಪಿ ವಿಳಾಸ ಹಂಚುವ ಕೆಲಸ ಜಗಲಿಯ ಪೆಟ್ಟಿಗೆಯೊಂದಕ್ಕೇ ಇರಲಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. 2.4ರಲ್ಲಿ ಒಂದನ್ನು ಚಾನೆಲ್ 1ಕ್ಕೆ, ಇನ್ನೊಂದನ್ನು 6ಕ್ಕೆ ಇಟ್ಟರೆ ಒಂದರ ಮೇಲೊಂದು ಬೀಳುವುದಿಲ್ಲ.

ಅಡಿಕೆ ಕಟ್ಟಡದ ವಿಷಯದಲ್ಲಿ ಮಾತ್ರ ನನ್ನದು ಹಟ. ತಾಮ್ರದ ಕೇಬಲ್ 100 ಮೀಟರ್‌ವರೆಗೆ ಓಡುತ್ತದೆ, ನಿಮ್ಮ 60 ಅದರೊಳಗೇ ಇದೆ. ಆದರೂ ಬೇಡ. ಏಪ್ರಿಲ್-ಮೇ ತಿಂಗಳ ಸಿಡಿಲು ನೇರವಾಗಿ ಬಡಿಯಬೇಕೆಂದೇನಿಲ್ಲ. ಹತ್ತಿರದಲ್ಲಿ ಬಿದ್ದರೂ ಆ ಉದ್ದದ ತಂತಿಯಲ್ಲಿ ವಿದ್ಯುತ್ ಉಕ್ಕಿ ಎರಡೂ ತುದಿಯ ಸಲಕರಣೆಗಳನ್ನು ಸುಡಬಲ್ಲದು. ಅಲ್ಲಿಗೆ ಫೈಬರ್ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನೂ ತಾಮ್ರದ ತಂತಿಯ ಸಂಕೇತವನ್ನೂ ಅದಲುಬದಲು ಮಾಡುವ ಪೆಟ್ಟಿಗೆ) ಹಾಕಿಸಿ. ಒಂದೇ ಫೈಬರ್ ಎಳೆಯಲ್ಲಿ ನಡೆಯುವ ಕನ್ವರ್ಟರ್ ಆದರೆ ಎ ಮತ್ತು ಬಿ ಎಂದು ಗುರುತಿರುವ ಜೋಡಿಯೇ ಬೇಕು, ಎರಡೂ ಎ ತಂದರೆ ಸಂಪರ್ಕ ಬರುವುದಿಲ್ಲ. ಭಾರ ಹೊರಲೆಂದು ಅನೇಕ ಫೈಬರ್ ಕೇಬಲ್‌ಗಳಲ್ಲಿ ಉಕ್ಕಿನ ಸರಿಗೆ ಇರುತ್ತದೆ. ಲೋಹವಿಲ್ಲದ್ದನ್ನೇ ಕೇಳಿ ಪಡೆಯಿರಿ.

ತೋಟದಮನೆ:

ಬಹಳ ಉಪಕಾರವಾಯಿತು. ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಇನ್ವರ್ಟರ್ ಸಂಪರ್ಕ ಜಗಲಿಗೆ ಇಲ್ಲ. ಅದಕ್ಕೇನು ಮಾಡಲಿ?

ಕರಾವಳಿ ಕೇಬಲ್:

ರೂಟರಿಗೆಂದೇ ಸಿಗುವ ಸಣ್ಣ ಡಿಸಿ ಯುಪಿಎಸ್ ಇದೆ, ಕರೆಂಟ್ ಹೋದಾಗ ರೂಟರ್ ನಡೆಸುವ ಬ್ಯಾಟರಿ ಪೆಟ್ಟಿಗೆ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು. ಜಗಲಿಗೊಂದು, ಒಳಕೋಣೆಗೊಂದು ಬೇಕು. ಒಂದು ಕಡೆ ಮಾತ್ರ ಹಾಕಿದರೆ ಸೊಸೆಯವರ ಮೀಟಿಂಗ್ ಉಳಿಯದು. ಅವು ಹೆಚ್ಚೆಂದರೆ ಕೆಲವು ಗಂಟೆ ತಾಳುತ್ತವೆ, ಆದ್ದರಿಂದ ಮುಂದೆ ಎಲೆಕ್ಟ್ರಿಷಿಯನ್ ಬಂದಾಗ ಇನ್ವರ್ಟರ್ ಲೈನನ್ನೇ ಜಗಲಿಗೆ ತರಿಸಿ.